ಕಂಪ್ಯೂಟರ್ ಕಾದರೆ ಫೋನಿಗೆ ಸಂದೇಶ: ತಾಪಮಾನ ನೋಡುವ ಶೆಲ್ ಸ್ಕ್ರಿಪ್ಟ್ ಬರೆಯುವ ಬಗೆ

ತಾಪಮಾನ ನೋಡಿ ಎಚ್ಚರಿಸುವ ಶೆಲ್ ಸ್ಕ್ರಿಪ್ಟ್‌ಗಳು (ಲಿನಕ್ಸ್ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್‌ಗಳು) ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತವೆ. ನಕಲು ಮಾಡಿ ಅಂಟಿಸಿದರೆ ಹೆಚ್ಚಿನವು ಯಾವ ದೋಷವನ್ನೂ ತೋರಿಸದೆ ಓಡುತ್ತವೆ. ತೊಂದರೆ ಇರುವುದೇ ಅಲ್ಲಿ. ಬೇರೆ ಯಾರದೋ ಮದರ್‌ಬೋರ್ಡ್‌ಗೆ ಬರೆದ ಸ್ಕ್ರಿಪ್ಟ್ ನಿಮ್ಮ ಯಂತ್ರದಲ್ಲಿ ಯಾವುದೋ ಒಂದು ಸೆನ್ಸರನ್ನು ಓದುತ್ತದೆ, ಪ್ರತಿ ಬಾರಿಯೂ 27 ಡಿಗ್ರಿ ಎನ್ನುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಫ್ಯಾನ್ ನಿಂತು ಪ್ರೊಸೆಸರ್ ಬೇಯುತ್ತಿದ್ದರೂ ಅದು ಸುಮ್ಮನೇ ಇರುತ್ತದೆ.

ಹಾಗಾಗಿ ಇಲ್ಲಿ ನಕಲಿಸಿಕೊಳ್ಳಲು ಸಿದ್ಧ ಸಾಲುಗಳನ್ನು ಕೊಡುತ್ತಿಲ್ಲ. ಯಾವ ಸೆನ್ಸರ್ ಓದಬೇಕು, ಎಷ್ಟಕ್ಕೆ ಎಚ್ಚರಿಸಬೇಕು, ಒಮ್ಮೆ ಎಚ್ಚರಿಸಿದ ಮೇಲೆ ಯಾವಾಗ ಸುಮ್ಮನಾಗಬೇಕು ಎಂಬ ತೀರ್ಮಾನಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಕ್ರಮವನ್ನು ಹೇಳುತ್ತೇನೆ. ಅವು ಖಚಿತವಾದರೆ ಸ್ಕ್ರಿಪ್ಟ್ ಬರೆಯುವುದು ಮೂವತ್ತು ನಲವತ್ತು ಸಾಲುಗಳ ಕೆಲಸ. ಕಮಾಂಡ್ ಮತ್ತು ಫೈಲ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಉದಾಹರಣೆಗೆ ಹಗಲೂ ರಾತ್ರಿ ಓಡುವ ಒಂದು ಡೆಸ್ಕ್‌ಟಾಪ್ ಇಟ್ಟುಕೊಳ್ಳೋಣ: ಸಣ್ಣ ಕಚೇರಿಯ ಫೈಲ್ ಸರ್ವರ್, ಶಾಲೆಯ ಲ್ಯಾಬಿನ ಯಂತ್ರ, ಮನೆಯಲ್ಲಿ ಫೋಟೋ ಮತ್ತು ಬ್ಯಾಕಪ್ ಇಟ್ಟ ಹಳೆಯ ಪಿಸಿ. ಅದರಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಇದೆ, ಕೋಣೆಗೆ ಎಸಿ ಇಲ್ಲ, ಹತ್ತಿರದಲ್ಲಿ ಸದಾ ಯಾರೂ ಕುಳಿತಿರುವುದಿಲ್ಲ. ವಿಂಡೋಸ್‌ನೊಳಗೆ ಡಬ್ಲ್ಯುಎಸ್‌ಎಲ್ ಮೂಲಕ ಲಿನಕ್ಸ್ ಓಡಿಸುವವರಿಗೆ ಈ ದಾರಿ ಒದಗುವುದಿಲ್ಲ. ಅದು ವರ್ಚುವಲ್ ಯಂತ್ರ. ನಿಜವಾದ ಸೆನ್ಸರ್‌ಗಳು ಅದಕ್ಕೆ ಕಾಣುವುದಿಲ್ಲ.

ಸೆನ್ಸರ್ ಗುರುತಿಸುವುದು

ಮೊದಲು ‘ಎಲ್‌ಎಂ-ಸೆನ್ಸರ್ಸ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ನಂತರ ರೂಟ್ (ನಿರ್ವಾಹಕ) ಹಕ್ಕು ಕೊಡುವ ‘ಸುಡೊ’ ಜೊತೆ ‘ಸೆನ್ಸರ್ಸ್-ಡಿಟೆಕ್ಟ್’ ಓಡಿಸಿ. ಅದು ಸಾಲುಸಾಲಾಗಿ ಪ್ರಶ್ನೆ ಕೇಳುತ್ತದೆ; ಪ್ರತಿಯೊಂದಕ್ಕೂ ಎಂಟರ್ ಒತ್ತಿ, ಅದೇ ಸೂಚಿಸುವ ಉತ್ತರವನ್ನು ಒಪ್ಪಿಕೊಂಡರೆ ಸಾಕು. ಕೊನೆಯಲ್ಲಿ, ಸಿಕ್ಕ ಡ್ರೈವರ್‌ಗಳನ್ನು ಪ್ರತಿ ಬೂಟ್‌ನಲ್ಲೂ ತಾನಾಗಿ ಹತ್ತುವಂತೆ ಬರೆದಿಡಲೇ ಎಂದು ಕೇಳಿದಾಗ ಮಾತ್ರ ಗಮನವಿಟ್ಟು ಹೌದು ಎನ್ನಿ. ಈಗ ಬರಿಯ ‘ಸೆನ್ಸರ್ಸ್’ ಎಂದು ಟೈಪ್ ಮಾಡಿದರೆ ಯಂತ್ರದ ಸೆನ್ಸರ್‌ಗಳೆಲ್ಲ ಪರದೆಗೆ ಬರುತ್ತವೆ.

ಇಂಟೆಲ್ ಪ್ರೊಸೆಸರ್ ಇದ್ದರೆ ‘ಕೋರ್‌ಟೆಂಪ್’ ಎಂಬ ಹೆಸರಿನ ಕೆಳಗೆ ‘ಪ್ಯಾಕೇಜ್ ಐಡಿ 0’ ಎಂಬ ಸಾಲು ಇರುತ್ತದೆ. ನಮಗೆ ಬೇಕಾದದ್ದು ಅದು. ಒಂದೊಂದು ಕೋರ್‌ನ ಲೆಕ್ಕ ಬೇಡ. ಎಎಂಡಿ ಆದರೆ ‘ಕೆ10ಟೆಂಪ್’, ಅದರಲ್ಲಿ ‘ಟಿಸಿಟಿಎಲ್’ ಎಂಬ ಸಾಲು. ಮೊದಲ ತಲೆಮಾರಿನ ರೈಜನ್ 1700ಎಕ್ಸ್, 1800ಎಕ್ಸ್‌ಗಳಲ್ಲಿ ಈ ಟಿಸಿಟಿಎಲ್ ಅಂಕಿ ನಿಜವಾದ ತಾಪಮಾನಕ್ಕಿಂತ 20 ಡಿಗ್ರಿ ಹೆಚ್ಚಾಗಿರುವಂತೆ ಕಂಪನಿಯೇ ಮಾಡಿತ್ತು, ಫ್ಯಾನ್ ಬೇಗ ವೇಗ ಪಡೆಯಲಿ ಎಂದು. ಅಂಥ ಹಳೆಯ ಚಿಪ್ ಇದ್ದು, ‘ಟಿಡೈ’ ಎಂಬ ಇನ್ನೊಂದು ಸಾಲೂ ಕಂಡರೆ ಅದನ್ನು ನೆಚ್ಚಿಕೊಳ್ಳಿ.

‘ಎಸಿಪಿಐಟಿಝೆಡ್’ ಎಂಬ ಸಾಲನ್ನು ನಂಬಬೇಡಿ. ಅನೇಕ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಅದು ಬೋರ್ಡ್‌ನ ಒಳತಂತ್ರಾಂಶವಾದ ಬಯಾಸ್‌ನಲ್ಲಿ ಬರೆದಿಟ್ಟ ಒಂದೇ ಸಂಖ್ಯೆಯನ್ನು ಹಗಲೂ ರಾತ್ರಿ ಒಪ್ಪಿಸುತ್ತಿರುತ್ತದೆ. ಮದರ್‌ಬೋರ್ಡ್ ಚಿಪ್‌ನ ಪಟ್ಟಿಯಲ್ಲಿ 127 ಡಿಗ್ರಿ, ಇಲ್ಲವೇ ಸೊನ್ನೆಗಿಂತ ಎಷ್ಟೋ ಕೆಳಗಿನ ಅಂಕಿ ಕಂಡರೆ ಗಾಬರಿಯೂ ಬೇಡ. ಅಲ್ಲಿ ಸೆನ್ಸರ್ ಜೋಡಿಸಿಯೇ ಇಲ್ಲ, ಖಾಲಿ ಪಿನ್ ಹಾಗೆ ಹೇಳುತ್ತಿದೆ ಅಷ್ಟೆ.

ಹೆಸರು ನೋಡಿ ಊಹಿಸುವುದಕ್ಕಿಂತ ಪರೀಕ್ಷೆ ಮಾಡಿ ನೋಡುವುದು ಮೇಲು. ಒಂದು ಕಿಟಕಿಯಲ್ಲಿ ‘ವಾಚ್ ಸೆನ್ಸರ್ಸ್’ ಓಡುತ್ತಿರಲಿ. ಅದು ಎರಡು ಸೆಕೆಂಡಿಗೊಮ್ಮೆ ಅಂಕಿಗಳನ್ನು ಹೊಸದಾಗಿ ತೋರಿಸುತ್ತದೆ. ಇನ್ನೊಂದರಲ್ಲಿ ‘ಸ್ಟ್ರೆಸ್-ಎನ್‌ಜಿ’ ಎಂಬ ಸಾಧನದಿಂದ ಎಲ್ಲ ಕೋರ್‌ಗಳಿಗೂ ಎರಡು ನಿಮಿಷ ಪೂರ್ತಿ ಕೆಲಸ ಕೊಡಿ. ಒಂದೆರಡು ಸೆಕೆಂಡಿನಲ್ಲೇ ಜಿಗಿಯುವ ಅಂಕಿ ಪ್ರೊಸೆಸರ್‌ನದು. ನಿಧಾನವಾಗಿ ಏರುವುದು ಬೋರ್ಡ್‌ನದು ಅಥವಾ ಡಿಸ್ಕಿನದು. ಅಲುಗಾಡದೆ ನಿಂತ ಅಂಕಿಯನ್ನು ಪಟ್ಟಿಯಿಂದ ಹೊಡೆದುಹಾಕಿ.

ಸ್ಕ್ರಿಪ್ಟ್‌ಗೆ ಓದಲು ಎಲ್ಲಿಂದ?

‘ಸೆನ್ಸರ್ಸ್’ ಕಮಾಂಡಿನ ಔಟ್‌ಪುಟನ್ನು ಗ್ರೆಪ್, ಆಕ್ ಎಂಬ ಪಠ್ಯ ಹೆಕ್ಕುವ ಕಮಾಂಡ್‌ಗಳನ್ನು ಹಾಕಿ ಸೀಳುವುದು ಎಲ್ಲರೂ ಹಿಡಿಯುವ ದಾರಿ. ಆ ಔಟ್‌ಪುಟ್ ಇರುವುದು ಮನುಷ್ಯರ ಕಣ್ಣಿಗೆ. ಪ್ಲಸ್ ಚಿಹ್ನೆ, ದಶಮಾಂಶ, ಡಿಗ್ರಿ ಗುರುತು ಎಲ್ಲವನ್ನೂ ಕಿತ್ತುಹಾಕಬೇಕು, ಮೇಲಾಗಿ ಸ್ಕ್ರಿಪ್ಟ್ ಓಡಿಸುವ ಶೆಲ್ ಆದ ಬ್ಯಾಷ್‌ಗೆ ದಶಮಾಂಶದ ಲೆಕ್ಕ ಬರುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಇದೇ ಮಾಹಿತಿಯನ್ನು ಫೈಲ್ ರೂಪದಲ್ಲಿ ನೇರವಾಗಿ ಕೊಡುತ್ತಿರುವಾಗ ಆ ಪಾಡು ಏಕೆ?

‘ಸಿಸ್’ ಫೋಲ್ಡರಿನೊಳಗೆ ‘ಕ್ಲಾಸ್’, ಅದರೊಳಗೆ ‘ಎಚ್‌ಡಬ್ಲ್ಯುಮಾನ್’ ಎಂಬ ಫೋಲ್ಡರ್ ಇದೆ. ಅಲ್ಲಿ ಎಚ್‌ಡಬ್ಲ್ಯುಮಾನ್0, ಎಚ್‌ಡಬ್ಲ್ಯುಮಾನ್1 ಹೀಗೆ ಪ್ರತಿ ಚಿಪ್‌ಗೂ ಒಂದು ಫೋಲ್ಡರ್. ಒಂದೊಂದರಲ್ಲೂ ‘ನೇಮ್’ ಎಂಬ ಫೈಲ್‌ನಲ್ಲಿ ಚಿಪ್‌ನ ಹೆಸರು, ‘ಟೆಂಪ್1’ ಮುಂದೆ ಅಂಡರ್‌ಸ್ಕೋರ್ ಹಾಕಿ ‘ಇನ್‌ಪುಟ್’ ಎಂದಿರುವ ಫೈಲ್‌ನಲ್ಲಿ ತಾಪಮಾನ. ಹೆಚ್ಚಿನ ಚಿಪ್‌ಗಳಲ್ಲಿ ‘ಲೇಬಲ್’ ಎಂದು ಕೊನೆಯಾಗುವ ಜೊತೆ ಫೈಲ್ ಕೂಡ ಇದ್ದು, ಅದು ಯಾವ ಸೆನ್ಸರ್ ಎಂದು ಹೇಳುತ್ತದೆ. ತಾಪಮಾನ ಇರುವುದು ಡಿಗ್ರಿಯ ಸಾವಿರದಲ್ಲಿ ಒಂದು ಭಾಗದ ಲೆಕ್ಕದಲ್ಲಿ. 54 ಡಿಗ್ರಿ ಇದ್ದರೆ 54000 ಎಂದಿರುತ್ತದೆ. ಪೂರ್ಣಾಂಕವಾದ್ದರಿಂದ ಬ್ಯಾಷ್ ಅದನ್ನು ತಕರಾರಿಲ್ಲದೆ ಸಾವಿರದಿಂದ ಭಾಗಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಚ್‌ಡಬ್ಲ್ಯುಮಾನ್ ಮುಂದಿನ ಸಂಖ್ಯೆ ಶಾಶ್ವತವಲ್ಲ. ಡ್ರೈವರ್‌ಗಳು ಹತ್ತಿದ ಕ್ರಮದಲ್ಲಿ ಅದು ಹಂಚಿಕೆಯಾಗುತ್ತದೆ, ಆದ್ದರಿಂದ ಇವತ್ತು 2 ಆಗಿದ್ದ ಪ್ರೊಸೆಸರ್ ನಾಳೆ ರೀಬೂಟ್ ಆದ ಮೇಲೆ 3 ಆಗಬಹುದು, 2ರ ಜಾಗದಲ್ಲಿ ವೈಫೈ ಕಾರ್ಡ್ ಕುಳಿತಿರಬಹುದು. ನಕಲಿಸಿದ ಸ್ಕ್ರಿಪ್ಟ್‌ಗಳು ಕೆಡುವುದು ಹೆಚ್ಚಾಗಿ ಇದರಿಂದಲೇ. ಸಂಖ್ಯೆಯನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡದೆ, ಪ್ರತಿ ಸಲವೂ ಎಲ್ಲ ಫೋಲ್ಡರ್‌ಗಳನ್ನು ಸುತ್ತಿ, ‘ನೇಮ್’ ಫೈಲ್‌ನಲ್ಲಿ ಕೋರ್‌ಟೆಂಪ್ ಅಥವಾ ಕೆ10ಟೆಂಪ್ ಎಂದಿರುವುದನ್ನು ಹುಡುಕಿ, ಅದರೊಳಗೆ ಲೇಬಲ್ ಹೊಂದುವ ಫೈಲನ್ನು ಓದಬೇಕು. ಐದಾರು ಸಾಲಿನ ‘ಫಾರ್’ ಲೂಪ್ ಸಾಕು.

ಎನ್‌ವಿಎಂಇ ಡಿಸ್ಕ್‌ಗಳೂ (ಮದರ್‌ಬೋರ್ಡ್‌ಗೆ ನೇರವಾಗಿ ಕೂರುವ ವೇಗದ ಎಸ್‌ಎಸ್‌ಡಿಗಳು) ಕರ್ನಲ್ 5.5ರಿಂದ ಈಚೆಗೆ ಇದೇ ಫೋಲ್ಡರಿನಲ್ಲಿ ಕಾಣಿಸಿಕೊಳ್ಳುತ್ತವೆ. ಸಾಟಾ ಕೇಬಲ್‌ನಿಂದ ಜೋಡಿಸುವ ಡಿಸ್ಕ್‌ಗಳಿಗೆ ಎರಡು ದಾರಿ: ಕರ್ನಲ್ 5.6ರಲ್ಲಿ ಬಂದ ‘ಡ್ರೈವ್‌ಟೆಂಪ್’ ಮಾಡ್ಯೂಲ್, ಅಥವಾ ‘ಸ್ಮಾರ್ಟ್‌ಸಿಟಿಎಲ್’ ಕಮಾಂಡ್ ಕೊಡುವ ಪಟ್ಟಿಯ 194ನೇ ಗುಣಲಕ್ಷಣ. ಬಳಸದಿದ್ದಾಗ ಡಿಸ್ಕ್ ತಿರುಗುವುದನ್ನು ನಿಲ್ಲಿಸಿ ಮಲಗುವಂತೆ ಹೊಂದಿಸಿದ್ದರೆ ಸ್ಮಾರ್ಟ್‌ಸಿಟಿಎಲ್ ಒಳ್ಳೆಯದು, ಏಕೆಂದರೆ ಅದರ ‘ಎನ್’ ಆಯ್ಕೆಗೆ ‘ಸ್ಟ್ಯಾಂಡ್‌ಬೈ’ ಎಂದು ಕೊಟ್ಟರೆ ಮಲಗಿದ ಡಿಸ್ಕನ್ನು ಎಬ್ಬಿಸದೆ ಹಿಂದಿರುಗುತ್ತದೆ. ಡ್ರೈವ್‌ಟೆಂಪ್ ಮೂಲಕ ಪದೇಪದೇ ಓದಿದರೆ ಕೆಲವು ಡಿಸ್ಕ್‌ಗಳ ಮಲಗುವ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ‘ಎನ್‌ವಿಡಿಯಾ-ಎಸ್‌ಎಂಐ’ ಕಮಾಂಡನ್ನು ತಾಪಮಾನ ಮಾತ್ರ ಕೇಳಿ, ತಲೆಬರಹ ಬೇಡ ಎಂದರೆ ಒಂದೇ ಸಂಖ್ಯೆ ಕೊಡುತ್ತದೆ.

ಮಿತಿ ಎಷ್ಟಿರಬೇಕು?

ಎಲ್ಲ ಪ್ರೊಸೆಸರ್‌ಗೂ 70 ಡಿಗ್ರಿ ಎಂದು ಬರೆಯುವವರು ಪ್ರೊಸೆಸರ್‌ಗಳನ್ನು ನೋಡಿ ಬಹಳ ಕಾಲವಾಗಿರಬೇಕು. ಇಂಟೆಲ್‌ನ ಬಹುಪಾಲು ಈಚಿನ ಚಿಪ್‌ಗಳು 100 ಡಿಗ್ರಿಯ ಹತ್ತಿರ ಹೋದಾಗ ತಾವಾಗಿ ವೇಗ ತಗ್ಗಿಸಿಕೊಳ್ಳುತ್ತವೆ. ರೈಜನ್ 7000 ಸರಣಿಯ ಬಹಳಷ್ಟು ಡೆಸ್ಕ್‌ಟಾಪ್ ಚಿಪ್‌ಗಳು ಪೂರ್ತಿ ಕೆಲಸವಿದ್ದಾಗ 95 ಡಿಗ್ರಿಗೆ ಏರಿ ಅಲ್ಲೇ ನಿಲ್ಲುವಂತೆ ವಿನ್ಯಾಸವಾಗಿವೆ. ಅಂಥ ಯಂತ್ರಕ್ಕೆ 70 ಎಂದು ಬರೆದರೆ ವಿಡಿಯೊ ಪರಿವರ್ತನೆ ಮಾಡಿದಾಗಲೆಲ್ಲ ಫೋನ್ ಬಡಿದುಕೊಳ್ಳುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಆದರೆ 80 ದಾಟುತ್ತಿದ್ದಂತೆ ನಿಧಾನವಾಗತೊಡಗುತ್ತದೆ. ನಿಮ್ಮ ಚಿಪ್‌ನ ಗಡಿ ತಿಳಿಯಲು ಅದೇ ಎಚ್‌ಡಬ್ಲ್ಯುಮಾನ್ ಫೋಲ್ಡರಿನಲ್ಲಿ ‘ಕ್ರಿಟ್’ ಎಂದು ಕೊನೆಯಾಗುವ ಫೈಲ್ ಇದೆಯೇ ನೋಡಿ. ಕೋರ್‌ಟೆಂಪ್‌ನಲ್ಲಿಯೂ ಎನ್‌ವಿಎಂಇಯಲ್ಲಿಯೂ ಸಾಮಾನ್ಯವಾಗಿ ಇರುತ್ತದೆ. ಆ ಗಡಿಗಿಂತ 10ರಿಂದ 15 ಡಿಗ್ರಿ ಕೆಳಗೆ ಎಚ್ಚರಿಕೆ ಇಟ್ಟರೆ ಫೈಲ್ ಸರ್ವರ್‌ಗೆ ಸರಿಹೊಂದುತ್ತದೆ.

ತಿರುಗುವ ಹಾರ್ಡ್ ಡಿಸ್ಕ್‌ಗಳಲ್ಲಿ ತಯಾರಕರು ಹೇಳುವ ಗಡಿ ಹೆಚ್ಚಾಗಿ 60 ಡಿಗ್ರಿ. 2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಡಿಸ್ಕ್ ಕೆಡುವುದಕ್ಕೂ ತಾಪಮಾನಕ್ಕೂ ಇರುವ ನಂಟು ಜನ ತಿಳಿದಷ್ಟು ಬಲವಾದುದಲ್ಲ ಎಂದು ಕಂಡುಬಂದಿತ್ತು. 42 ಡಿಗ್ರಿಗೆ ಹೆದರಬೇಕಿಲ್ಲ. 50ಕ್ಕೆ ಎಚ್ಚರಿಕೆ, 55ಕ್ಕೆ ತುರ್ತು ಎಂದು ನಾನು ಇಡುತ್ತೇನೆ.

ನಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ಕೆಲಸ, ಅದೇ ಫ್ಯಾನ್ ವೇಗ ಇರುವಾಗ ಚಿಪ್ ಕೋಣೆಯ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೆ ಎಂಬುದು ಸುಮಾರಾಗಿ ಸ್ಥಿರ. ಡಿಸೆಂಬರಿನಲ್ಲಿ 25 ಡಿಗ್ರಿ ಇದ್ದ ಕೋಣೆ ಏಪ್ರಿಲ್‌ನಲ್ಲಿ 38 ಆದರೆ ಪ್ರೊಸೆಸರ್ ಕೂಡ ಸುಮಾರು 13 ಡಿಗ್ರಿ ಮೇಲೇರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಹೊರಗೇ 40 ದಾಟುವ ದಿನಗಳಿರುತ್ತವೆ. ಚಳಿಗಾಲದಲ್ಲಿ ಅಳೆದು ಇಟ್ಟ ಬಿಗಿಯಾದ ಮಿತಿ ಯುಗಾದಿ ಕಳೆಯುತ್ತಿದ್ದಂತೆ ದಿನವೂ ಕೂಗತೊಡಗುತ್ತದೆ. ದಿನವೂ ಕೂಗುವ ಎಚ್ಚರಿಕೆಯನ್ನು ಯಾರೂ ತೆರೆದು ನೋಡುವುದಿಲ್ಲ.

ಸ್ಕ್ರಿಪ್ಟ್‌ನ ಒಳಗಿನ ತರ್ಕ

ಹೆಚ್ಚಿನವರು ಬರೆಯುವುದು ಒಂದೇ ಷರತ್ತು: ತಾಪಮಾನ ಮಿತಿಗಿಂತ ಹೆಚ್ಚಿದ್ದರೆ ಸಂದೇಶ ಕಳಿಸು. ಇದನ್ನು ನಿಮಿಷಕ್ಕೊಮ್ಮೆ ಓಡಿಸಿ ನೋಡಿ. 84, 86, 84, 87 ಎಂದು ಅಂಕಿ ಮಿತಿಯ ಅಕ್ಕಪಕ್ಕ ಓಲಾಡುವಾಗ ಗಂಟೆಗೆ ಮೂವತ್ತು ಸಂದೇಶ ಬರುತ್ತದೆ. ಮೂರು ಚಿಕ್ಕ ಸೇರ್ಪಡೆಗಳಿಂದ ಇದು ನಿಲ್ಲುತ್ತದೆ.

ಮೊದಲನೆಯದು, ಒಂದು ಓದಿಗೆ ಬೆಲೆ ಕೊಡದಿರುವುದು. ಬ್ರೌಸರ್ ತೆರೆದರೂ ಪ್ರೊಸೆಸರ್ ಕ್ಷಣಕಾಲ ಜಿಗಿಯುತ್ತದೆ. ಸತತ ಮೂರು ಓದುಗಳಲ್ಲಿ ಮಿತಿ ಮೀರಿದರೆ ಮಾತ್ರ ಎಚ್ಚರಿಸಬೇಕು. ಎರಡನೆಯದು, ಏರುವ ಮಿತಿ ಬೇರೆ, ಇಳಿಯುವ ಮಿತಿ ಬೇರೆ. 85ಕ್ಕೆ ಎಚ್ಚರಿಸಿದರೆ, 75ಕ್ಕೆ ಇಳಿಯುವವರೆಗೂ ‘ಸರಿಹೋಯಿತು’ ಎನ್ನಬಾರದು. ಫ್ರಿಜ್‌ನ ಥರ್ಮೋಸ್ಟಾಟ್ ಕೆಲಸ ಮಾಡುವುದೂ ಹೀಗೆಯೇ, ಇಲ್ಲದಿದ್ದರೆ ಅದರ ಕಂಪ್ರೆಸರ್ ನಿಮಿಷಕ್ಕೆ ಹತ್ತು ಸಲ ಹತ್ತಿ ಆರುತ್ತಿತ್ತು. ಮೂರನೆಯದು, ಸ್ಕ್ರಿಪ್ಟ್‌ಗೆ ನೆನಪು. ಪ್ರತಿ ಬಾರಿಯೂ ಹೊಸದಾಗಿ ಹುಟ್ಟುವ ಸ್ಕ್ರಿಪ್ಟ್‌ಗೆ ಹಿಂದಿನ ಸಲ ಏನಾಯಿತೆಂದು ಗೊತ್ತಿರುವುದಿಲ್ಲ. ಸ್ಥಿತಿ ಮತ್ತು ಎಣಿಕೆಯನ್ನು ಒಂದು ಚಿಕ್ಕ ಫೈಲ್‌ನಲ್ಲಿ ಬರೆದಿಡಬೇಕು. ‘ರನ್’ ಫೋಲ್ಡರ್ ಇದಕ್ಕೆ ತಕ್ಕ ಜಾಗ, ರೀಬೂಟ್ ಆದಾಗ ಅದು ತಾನಾಗಿ ಖಾಲಿಯಾಗುತ್ತದೆ.

ಕನ್ನಡದಲ್ಲೇ ಬರೆದರೆ ಸ್ಕ್ರಿಪ್ಟ್‌ನ ಮೈ ಹೀಗಿರುತ್ತದೆ:

ಸ್ಥಿತಿ ಫೈಲ್ ಓದು; ಇಲ್ಲದಿದ್ದರೆ ಸ್ಥಿತಿ = ಸಾಮಾನ್ಯ, ಎಣಿಕೆ = 0
ಹೆಸರಿನಿಂದ ಸೆನ್ಸರ್ ಹುಡುಕು, ತಾಪಮಾನ ಓದು, 1000ದಿಂದ ಭಾಗಿಸು
ಓದಲಾಗದಿದ್ದರೆ: ‘ಸೆನ್ಸರ್ ಸಿಗುತ್ತಿಲ್ಲ’ ಎಂದು ಒಮ್ಮೆ ಸಂದೇಶ ಕಳಿಸು, ಕಳಿಸಿದ್ದನ್ನು ಸ್ಥಿತಿ ಫೈಲ್‌ನಲ್ಲಿ ಗುರುತಿಸು, ನಿಲ್ಲು
ಸ್ಥಿತಿ ಸಾಮಾನ್ಯವಾಗಿದ್ದು ತಾಪಮಾನ 85 ಅಥವಾ ಹೆಚ್ಚು: ಎಣಿಕೆಗೆ 1 ಕೂಡಿಸು
ಸ್ಥಿತಿ ಸಾಮಾನ್ಯವಾಗಿದ್ದು ತಾಪಮಾನ 85ಕ್ಕಿಂತ ಕಡಿಮೆ: ಎಣಿಕೆ = 0
ಸ್ಥಿತಿ ಸಾಮಾನ್ಯವಾಗಿದ್ದು ಎಣಿಕೆ 3 ಅಥವಾ ಹೆಚ್ಚು: ಎಚ್ಚರಿಕೆ ಕಳಿಸು; ಹೋದರೆ ಮಾತ್ರ ಸ್ಥಿತಿ = ಬಿಸಿ
ಸ್ಥಿತಿ ಬಿಸಿಯಾಗಿದ್ದು ತಾಪಮಾನ 75 ಅಥವಾ ಕಡಿಮೆ: ‘ಇಳಿಯಿತು’ ಎಂದು ಕಳಿಸು; ಸ್ಥಿತಿ = ಸಾಮಾನ್ಯ, ಎಣಿಕೆ = 0
ಸ್ಥಿತಿ ಫೈಲ್ ಬರೆ

ಮೂರನೆಯ ಸಾಲನ್ನು ಬಿಡಲೇಬೇಡಿ. ಕರ್ನಲ್ ನವೀಕರಣದ ನಂತರ ಡ್ರೈವರ್ ಹತ್ತದೇ ಹೋದರೆ ವೇರಿಯಬಲ್ ಖಾಲಿ ಇರುತ್ತದೆ. ಬ್ಯಾಷ್‌ನ ಲೆಕ್ಕದಲ್ಲಿ ಖಾಲಿ ವೇರಿಯಬಲ್ ಎಂದರೆ ಸೊನ್ನೆ, ಸೊನ್ನೆ ಡಿಗ್ರಿ 85ಕ್ಕಿಂತ ಕಡಿಮೆ, ಅಂದರೆ ‘ಎಲ್ಲ ಸರಿಯಿದೆ’. ಓದಿದ್ದು ಬರಿಯ ಅಂಕಿಗಳೇ, 5ರಿಂದ 120ರೊಳಗೆ ಇದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಹೋಲಿಕೆಗೆ ಹೋಗಿ.

‘ಹೋದರೆ ಮಾತ್ರ’ ಎಂಬುದೂ ಅಷ್ಟೇ ಮುಖ್ಯ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಬಿಸಿಯೇರಿದರೆ, ಸಂದೇಶ ಹೋಗದೆಯೇ ಸ್ಥಿತಿಯನ್ನು ಬಿಸಿ ಎಂದು ಬರೆದುಕೊಂಡ ಸ್ಕ್ರಿಪ್ಟ್ ಮತ್ತೆ ಪ್ರಯತ್ನಿಸುವುದಿಲ್ಲ.

ಸಂದೇಶ ತಲುಪಿಸುವುದು

ಟೆಲಿಗ್ರಾಂ ಆ್ಯಪ್‌ನ ಬಾಟ್ (ಪ್ರೋಗ್ರಾಂ ನಡೆಸುವ ಖಾತೆ) ಇದಕ್ಕೆ ಸುಲಭ. ಆ್ಯಪ್‌ನಲ್ಲಿ ‘ಬಾಟ್‌ಫಾದರ್’ ಎಂಬ ಖಾತೆಗೆ ಬರೆದು ಹೊಸ ಬಾಟ್ ಮಾಡಿಸಿದರೆ ಒಂದು ಟೋಕನ್ (ಗುಪ್ತ ಕೀಲಿ) ಸಿಗುತ್ತದೆ. ನಿಮ್ಮ ಬಾಟ್‌ಗೆ ಮೊದಲು ನೀವೇ ಒಂದು ಸಂದೇಶ ಕಳಿಸಬೇಕು, ಬಾಟ್‌ಗಳು ತಾವಾಗಿ ಮಾತು ಶುರುಮಾಡುವಂತಿಲ್ಲ. ಆಮೇಲೆ ನಿಮ್ಮ ಚಾಟ್ ಐಡಿ ತಿಳಿದುಕೊಂಡು, ವೆಬ್ ವಿಳಾಸಕ್ಕೆ ಮಾಹಿತಿ ಕಳಿಸುವ ‘ಕರ್ಲ್’ ಕಮಾಂಡಿನಿಂದ ಸಂದೇಶ ಕಳಿಸಬಹುದು. ಕರ್ಲ್‌ಗೆ ಎರಡು ಆಯ್ಕೆ ತಪ್ಪದೆ ಕೊಡಿ: ಹತ್ತು ಸೆಕೆಂಡಿನ ಗರಿಷ್ಠ ಕಾಲಮಿತಿ, ಮತ್ತು ಸರ್ವರ್ ದೋಷ ಹೇಳಿದರೆ ವಿಫಲವೆಂದು ಹಿಂದಿರುಗುವ ‘ಫೇಲ್’. ಎರಡನೆಯದು ಇಲ್ಲದಿದ್ದರೆ ಟೋಕನ್ ತಪ್ಪಿದ್ದರೂ ಕರ್ಲ್ ತನ್ನ ಕೆಲಸ ಮುಗಿಯಿತೆಂದೇ ಹೇಳುತ್ತದೆ.

ಟೋಕನನ್ನು ಸ್ಕ್ರಿಪ್ಟ್‌ನೊಳಗೆ ಬರೆಯಬೇಡಿ. ಬೇರೆ ಫೈಲ್‌ನಲ್ಲಿಟ್ಟು, ಅನುಮತಿ 600 (ಮಾಲೀಕರು ಮಾತ್ರ ಓದಿ ಬರೆಯಬಹುದು) ಮಾಡಿ. ಸ್ಕ್ರಿಪ್ಟನ್ನು ಗೆಳೆಯರಿಗೆ ಕೊಡುವಾಗ ಟೋಕನ್ ಕೂಡ ಹೋಗುವುದು ತಪ್ಪುತ್ತದೆ.

ಸಂದೇಶದಲ್ಲಿ ಯಂತ್ರದ ಹೆಸರು, ಸೆನ್ಸರ್, ಅಂಕಿ, ಸಮಯ ಇರಲಿ. ಜೊತೆಗೆ ‘ಪಿಎಸ್’ ಕಮಾಂಡಿನಿಂದ ಪ್ರೊಸೆಸರನ್ನು ಹೆಚ್ಚು ಬಳಸುತ್ತಿರುವ ಮೊದಲ ಮೂರು ಪ್ರಕ್ರಿಯೆಗಳ ಹೆಸರನ್ನೂ ಸೇರಿಸಿ. ಬಸ್ಸಿನಲ್ಲಿ ಕುಳಿತು ಓದುವವರಿಗೆ ಅದೇ ದೊಡ್ಡ ಸುಳಿವು: ಬ್ಯಾಕಪ್ ಓಡುತ್ತಿದ್ದು 88 ಆಗಿದ್ದರೆ ಒಂದು ಮಾತು, ಏನೂ ಓಡದೆ 88 ಆಗಿದ್ದರೆ ಫ್ಯಾನ್ ನಿಂತಿದೆ ಎಂದೇ ತಿಳಿಯಬಹುದು. ‘ಲಾಗರ್’ ಕಮಾಂಡಿನಿಂದ ಅದೇ ಸಾಲನ್ನು ಸಿಸ್ಟಂ ಲಾಗ್‌ಗೂ ಹಾಕಿ. ಡೆಸ್ಕ್‌ಟಾಪ್‌ನ ಮೂಲೆಯಲ್ಲಿ ಸೂಚನೆ ತೋರಿಸುವ ‘ನೋಟಿಫೈ-ಸೆಂಡ್’, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಿಂದ ನೇರವಾಗಿ ಓಡುವುದಿಲ್ಲ, ಬಳಕೆದಾರರ ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವ್ಯವಸ್ಥೆ) ವಿಳಾಸ ಕೊಡಬೇಕಾಗುತ್ತದೆ. ಎದುರಿಗೆ ಯಾರೂ ಕೂರದ ಯಂತ್ರಕ್ಕೆ ಆ ತಾಪತ್ರಯ ಬೇಡ.

ತಾನಾಗಿ ಓಡಿಸುವುದು

ಕ್ರಾನ್‌ನಲ್ಲಿ ಐದೂ ಜಾಗಕ್ಕೆ ನಕ್ಷತ್ರ ಹಾಕಿದರೆ ನಿಮಿಷಕ್ಕೊಮ್ಮೆ ಓಡುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಸತ್ತು ಬೀಳುವುದಕ್ಕೆ ಮುಖ್ಯ ಕಾರಣ ‘ಪಾತ್’, ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ. ಡೆಬಿಯನ್‌ನಲ್ಲಿ ಬಳಕೆದಾರರ ಕ್ರಾನ್‌ಟ್ಯಾಬ್‌ಗೆ (ಕ್ರಾನ್ ಕೆಲಸಗಳ ಪಟ್ಟಿಗೆ) ಸಿಗುವ ಪಾತ್ ಬಹಳ ಚಿಕ್ಕದು, ಸ್ಮಾರ್ಟ್‌ಸಿಟಿಎಲ್ ಇರುವ ‘ಎಸ್‌ಬಿನ್’ ಫೋಲ್ಡರ್ ಅದರಲ್ಲಿ ಇರುವುದಿಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಪೂರ್ತಿ ಪಾತ್ ಬರೆಯಿರಿ. ಸ್ಮಾರ್ಟ್‌ಸಿಟಿಎಲ್‌ಗೆ ರೂಟ್ ಹಕ್ಕು ಬೇಕಾದ್ದರಿಂದ ರೂಟ್‌ನ ಕ್ರಾನ್‌ಟ್ಯಾಬ್‌ನಲ್ಲೇ ಇಡುವುದು ನೆಟ್ಟಗಿನ ದಾರಿ. ಹಿಂದಿನ ಓಟ ಮುಗಿಯದೆ ಹೊಸದು ಶುರುವಾಗದಂತೆ ‘ಎಫ್‌ಲಾಕ್’ ಬಳಸಿ. ಸಿಸ್ಟಂಡಿ ಟೈಮರ್ ರೂಢಿಯಿದ್ದವರು ಅದನ್ನೇ ಬಳಸಲಿ, ಅದರ ಲಾಗ್ ನೋಡುವುದು ಕ್ರಾನ್‌ಗಿಂತ ಸಲೀಸು.

ಐದು ನಿಮಿಷಕ್ಕೊಮ್ಮೆ ಸಮಯ ಮತ್ತು ತಾಪಮಾನವನ್ನು ಅಲ್ಪವಿರಾಮ ಹಾಕಿ ಒಂದು ಫೈಲ್‌ಗೆ ಸೇರಿಸುತ್ತಾ ಹೋಗುವ ಸಾಲನ್ನೂ ಹಾಕಿ. ಬೆಳಗಿನ ಜಾವ ಯಂತ್ರ ಖಾಲಿ ಕುಳಿತಾಗಿನ ಅಂಕಿ, ಕೋಣೆಯ ಸೆಕೆ ಹೆಚ್ಚದೆಯೂ, ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಹೀಟ್‌ಸಿಂಕ್‌ನಲ್ಲಿ ದೂಳು ತುಂಬುತ್ತಿದೆ ಅಥವಾ ಥರ್ಮಲ್ ಪೇಸ್ಟ್ ಒಣಗುತ್ತಿದೆ. 85ರ ಎಚ್ಚರಿಕೆ ಬರುವ ಎಷ್ಟೋ ಮೊದಲೇ ಈ ಫೈಲ್ ಅದನ್ನು ಹೇಳಿರುತ್ತದೆ.

ಪರೀಕ್ಷೆ

ಸ್ಕ್ರಿಪ್ಟನ್ನು ಮೊದಲು ‘ಶೆಲ್‌ಚೆಕ್’ಗೆ ತೋರಿಸಿ, ಉದ್ಧರಣ ಚಿಹ್ನೆ ಮರೆತ ಕಡೆಯನ್ನೆಲ್ಲ ಅದು ಎತ್ತಿ ಹೇಳುತ್ತದೆ. ಆಮೇಲೆ ಏರುವ ಮಿತಿಯನ್ನು 30ಕ್ಕೂ ಇಳಿಯುವ ಮಿತಿಯನ್ನು 20ಕ್ಕೂ ಇಳಿಸಿ ಕ್ರಾನ್‌ನಿಂದಲೇ ಓಡಲು ಬಿಡಿ. ಮೂರನೆಯ ನಿಮಿಷಕ್ಕೆ ಒಂದು ಸಂದೇಶ ಬರಬೇಕು, ನಾಲ್ಕನೆಯ ನಿಮಿಷಕ್ಕೆ ಬರಬಾರದು. ನಂತರ ಇಳಿಯುವ ಮಿತಿಯನ್ನು 99ಕ್ಕೆ ಏರಿಸಿದರೆ ‘ಇಳಿಯಿತು’ ಎಂಬುದು ಬರಬೇಕು; ಬಂದ ಕೂಡಲೇ ಎರಡೂ ಮಿತಿಗಳನ್ನು ಮೊದಲಿನಂತೆ ಮಾಡಿ. ಸೆನ್ಸರ್ ಹೆಸರನ್ನು ಬೇಕೆಂದೇ ತಪ್ಪಾಗಿ ಬರೆದು, ‘ಸೆನ್ಸರ್ ಸಿಗುತ್ತಿಲ್ಲ’ ಎಂಬುದು ಒಂದೇ ಸಲ ಬರುತ್ತದೆಯೇ ನೋಡಿ. ನೆಟ್‌ವರ್ಕ್ ಕೇಬಲ್ ಕಿತ್ತು, ಎಚ್ಚರಿಕೆ ಹುಟ್ಟುವಂತೆ ಮಾಡಿ, ಎರಡು ನಿಮಿಷದ ನಂತರ ಮತ್ತೆ ಚುಚ್ಚಿ. ತಡವಾಗಿಯಾದರೂ ಸಂದೇಶ ಬರಬೇಕು. ಒಂದು ಸಲ ರೀಬೂಟ್ ಮಾಡಿಯೂ ನೋಡಿ.

ಮಿತಿ ಮೀರಿದರೆ ಯಂತ್ರವನ್ನೇ ಆರಿಸಿಬಿಡುವ ಸಾಲು ಸೇರಿಸಲೇ ಎಂದು ಕೆಲವರು ಕೇಳುತ್ತಾರೆ. ಪ್ರೊಸೆಸರ್ ವಿಷಯದಲ್ಲಿ ಬೇಡ ಎನ್ನುತ್ತೇನೆ. ಅದು ಮೊದಲು ವೇಗ ಇಳಿಸುತ್ತದೆ, ಕೈಮೀರಿದರೆ ಹಾರ್ಡ್‌ವೇರ್ ಮಟ್ಟದಲ್ಲೇ ಯಂತ್ರ ಆರುತ್ತದೆ, ಸ್ಕ್ರಿಪ್ಟ್‌ಗೆ ಕಾಯುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಅಂಥ ಅಚ್ಚುಕಟ್ಟಾದ ರಕ್ಷಣೆ ಇರುವುದಿಲ್ಲವಾದ್ದರಿಂದ, 60 ದಾಟಿ ಹತ್ತು ನಿಮಿಷ ನಿಂತರೆ ಆರಿಸುವುದು ಸರಿಯೇ. ಆಗಲೂ ‘ಶಟ್‌ಡೌನ್’ ಕಮಾಂಡಿಗೆ ಐದು ನಿಮಿಷದ ಅವಧಿ ಕೊಡಿ. ಅದೇ ಕಮಾಂಡಿಗೆ ‘ಸಿ’ ಆಯ್ಕೆ ಕೊಟ್ಟು ರದ್ದು ಮಾಡಲು ಅವಕಾಶ ಉಳಿಯುತ್ತದೆ.

ಕರೆಂಟ್ ಹೋಗಿ ಯುಪಿಎಸ್ ಬರಿದಾದರೆ, ಯಂತ್ರ ಹ್ಯಾಂಗ್ ಆದರೆ ಈ ಸ್ಕ್ರಿಪ್ಟ್ ಏನೂ ಹೇಳಲಾರದು. ಅದಕ್ಕಾಗಿ ದಿನಕ್ಕೊಮ್ಮೆ, ಬೆಳಿಗ್ಗೆ 8 ಗಂಟೆಗೆ, ಹಿಂದಿನ ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನವನ್ನು ಕಳಿಸುವ ಇನ್ನೊಂದು ಕ್ರಾನ್ ಸಾಲು ಹಾಕಿ. ಅದು ಬಾರದ ದಿನ ಹೋಗಿ ನೋಡಬೇಕು. ಅಷ್ಟು ಕಾಯಲಾಗದ ಕೆಲಸವಾದರೆ, ಮನೆಯ ಇನ್ನೊಂದು ಯಂತ್ರದಿಂದ ಅಥವಾ ಒಂದು ರಾಸ್ಪ್‌ಬೆರಿ ಪೈಯಿಂದ ಐದು ನಿಮಿಷಕ್ಕೊಮ್ಮೆ ಪಿಂಗ್ ಮಾಡಿಸಿ (ಯಂತ್ರ ಉತ್ತರಿಸುತ್ತದೆಯೇ ಎಂದು ನೆಟ್‌ವರ್ಕ್‌ನಲ್ಲಿ ಕೇಳಿಸಿ), ಸತತ ಮೂರು ಸಲ ಉತ್ತರ ಬಾರದಿದ್ದರೆ ಆ ಯಂತ್ರವೇ ಸಂದೇಶ ಕಳಿಸುವಂತೆ ಹೊಂದಿಸಿ; ಮೇಲಿನ ತರ್ಕದಲ್ಲಿ ತಾಪಮಾನದ ಜಾಗಕ್ಕೆ ಪಿಂಗ್ ಬಂದರೆ ಆಯಿತು.